ಹೋಯ್ತು ಎಂದು ಬರೆಯಬೇಡಿ

ಜನವರಿ 8

ರಿಪೇರಿಯವರಿಗೆ,

ಒಂಬತ್ತು ವರ್ಷದ ಹಿಂದೆ ನೀವು ಜೋಡಿಸಿಕೊಟ್ಟ ಕಂಪ್ಯೂಟರ್ ಕೆಟ್ಟಿದೆ. ಕೆಟ್ಟಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ಒಂದು ಗಂಟೆ ನೆಟ್ಟಗೆ ಕೆಲಸ ಮಾಡುತ್ತದೆ, ಇದ್ದಕ್ಕಿದ್ದ ಹಾಗೆ ಹೋಗುತ್ತದೆ. ಆಮೇಲೆ ತಾನೇ ಎದ್ದು, ಏನೂ ನಡೆದೇ ಇಲ್ಲ ಎನ್ನುವ ಮುಖ ಮಾಡಿಕೊಂಡು ಕೂರುತ್ತದೆ. ಮೊನ್ನೆ ಆರು ಸಲ ಹೋಯ್ತು. ನಿನ್ನೆ ನಾಲ್ಕು ಸಲ ಹೋಯ್ತು.

ಅಪ್ಪನ ಕಟಿಂಗ್ ಪುಸ್ತಕ ನಿಮಗೆ ನೆನಪಿರಬೇಕು. ಮೂವತ್ತು ವರ್ಷ ಹೊಲಿಗೆ ಶಾಲೆಯಲ್ಲಿ ಕಲಿಸಿದ್ದನ್ನೆಲ್ಲ ಒಂದೆಡೆ ತರಬೇಕೆಂದು ಆ ಯಂತ್ರದಲ್ಲೇ ಒಂದೊಂದು ಗೆರೆ ಎಳೆದರಲ್ಲ, ಅದು. ನೂರ ಎಂಬತ್ತು ನಕ್ಷೆಗಳಿವೆ. ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಅಚ್ಚು ಹಾಕಿಸುತ್ತಿದ್ದಾರೆ. ಪ್ರೆಸ್ಸಿನವರು ಏಪ್ರಿಲ್ ಮೊದಲ ವಾರದವರೆಗೆ ಕಾಯುತ್ತಾರೆ, ಆಮೇಲೆ ಅವರಿಗೆ ಬೇರೆ ಕೆಲಸವಿದೆಯಂತೆ. ತಿದ್ದುವ ಕೆಲಸ ನನ್ನದು. ಒಂದು ತೋಳಿನ ನಕ್ಷೆ ಸರಿಮಾಡಲು ಒಂದು ಗಂಟೆ ಬೇಕು, ಅಳಿಸಿಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇಲ್ಲಿನ ಮೆಕ್ಯಾನಿಕ್ ಬಂದು ನೋಡಿ, ಇದನ್ನು ಬಿಸಾಡಿ ಹೊಸದು ತಗೊಳ್ಳಿ ಎಂದ. ನೀವು ಹಾಕಿಕೊಟ್ಟ ಆ ಹಳೆಯ ನಕ್ಷೆ ಪ್ರೋಗ್ರಾಂ ಹೊಸದರಲ್ಲಿ ನಡೆಯುವುದಿಲ್ಲ ಎನ್ನುವುದನ್ನೂ ಅವನೇ ಹೇಳಿದ. ಅಂದರೆ ಈ ಯಂತ್ರ ಉಳಿದರೆ ಪುಸ್ತಕ, ಇಲ್ಲದಿದ್ದರೆ ಇಲ್ಲ.

ಫೋನ್ ಏಕೆ ಮಾಡಲಿಲ್ಲ ಎಂದು ಕೇಳಬೇಡಿ. ಕಾಗದದಲ್ಲಾದರೆ ಜಗಳವಾಡುವುದಕ್ಕೂ ಅಂಚೆಚೀಟಿ ಹಚ್ಚಬೇಕು, ಅಷ್ಟರಲ್ಲಿ ಕೋಪ ಅರ್ಧ ಇಳಿದಿರುತ್ತದೆ. ಬೇರೆ ದಾರಿಯಿದ್ದಿದ್ದರೆ ಬರೆಯುತ್ತಲೂ ಇರಲಿಲ್ಲ.

ಇತಿ,
ಗಿರಾಕಿ


ಜನವರಿ 17

ಗಿರಾಕಿಯವರಿಗೆ,

ಆರು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ‘ಕ’ದ ತಲೆಕಟ್ಟು ಈಗಲೂ ಹಾರಿಹೋಗುವ ಹಾಗೇ ಇದೆ. ಇರಲಿ, ಕೆಲಸಕ್ಕೆ ಬರೋಣ.

ಮೊದಲನೆಯದು: ರಿಪೇರಿಗೆ ಮುಂಚೆ ನಕಲು. ಎಲ್ಲ ನಕ್ಷೆಗಳನ್ನೂ ಒಟ್ಟಿಗೆ ಪೆನ್‌ಡ್ರೈವಿಗೆ ತುಂಬಲು ಹೋಗಬೇಡಿ, ನಡುವೆ ನಿಂತರೆ ಇದ್ದದ್ದೂ ಕೆಡಬಹುದು. ತಿದ್ದಿ ಮುಗಿದದ್ದನ್ನು ಹತ್ತತ್ತು ತೆಗೆಯಿರಿ. ಯಂತ್ರ ಸತ್ತರೆ ಇನ್ನೊಂದು ಹಳೆಯ ಯಂತ್ರ ಹುಡುಕಬಹುದು, ನಕ್ಷೆ ಸತ್ತರೆ ಅಪ್ಪನನ್ನು ಎಲ್ಲಿಂದ ತರುವುದು.

ಎರಡನೆಯದು: ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ. ಎಷ್ಟು ಗಂಟೆಗೆ ಆಯಿತು. ಆಗ ಏನು ಮಾಡುತ್ತಿದ್ದಿರಿ. ಪರದೆಯ ಮೇಲೆ ಏನು ಕಂಡಿತು. ಆ ಹೊತ್ತಿಗೆ ಮನೆಯಲ್ಲಿ ಇನ್ನೇನು ನಡೆಯುತ್ತಿತ್ತು. ಪ್ರತಿ ಸಲವೂ ಬರೆಯಬೇಕು, ಬೇಜಾರಾದರೂ ಬರೆಯಬೇಕು. ಪದೇ ಪದೇ ಬೀಳುವ ಯಂತ್ರಕ್ಕೆ ಒಂದು ಅಭ್ಯಾಸ ಇರುತ್ತದೆ. ಅದು ಯಾವುದೆಂದು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ಮೂರನೆಯದು: ‘ಹೋಯ್ತು’ ಎಂದು ಬರೆಯಬೇಡಿ. ನೀಲಿ ಪರದೆ ಬಂತೋ, ಅಲ್ಲಾಡದೆ ನಿಂತಿತೋ, ಕಪ್ಪಾಗಿ ತಾನೇ ಮತ್ತೆ ಶುರುವಾಯಿತೋ, ಅದನ್ನೇ ಬರೆಯಿರಿ. ಮೂರಕ್ಕೂ ಬೇರೆ ಬೇರೆ ರೋಗ. ‘ಹೋಯ್ತು’ ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಆ ಪದವನ್ನು ನನ್ನ ಅಂಗಡಿಯಲ್ಲಿ ಯಾರಿಗೂ ಆಡಲು ಬಿಡುವುದಿಲ್ಲ.

ಪುಸ್ತಕ ಅಚ್ಚಾಗುತ್ತಿರುವುದು ತಿಳಿದು ಸಂತೋಷವಾಯಿತು.

ಇತಿ,
ರಿಪೇರಿಯವನು


ಫೆಬ್ರವರಿ 2

ರಿಪೇರಿಯವರಿಗೆ,

ಸಂತೋಷವಾಯಿತೇ? “ರೆಡಿಮೇಡ್ ಕಾಲದಲ್ಲಿ ಈ ಪುಸ್ತಕ ಯಾರು ಓದ್ತಾರೆ” ಎಂದು ಅಪ್ಪನ ಕಟಿಂಗ್ ಮೇಜಿನ ಮುಂದೆ ನಿಂತು ಕೇಳಿದವರು ನೀವು. ಆ ದಿನ ನೀವು ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟ ಮೇಲೆ ಅಪ್ಪ ಕತ್ತರಿಯನ್ನು ಒರೆಸಿ ಒಳಗಿಟ್ಟರು, ಸಂಜೆಯವರೆಗೆ ಮೇಜಿನ ಹತ್ತಿರ ಬರಲಿಲ್ಲ. ನಾನು ಮರೆತಿಲ್ಲ.

ನೋಟ್‌ಬುಕ್ಕಿನ ಹಾಳೆ ಜೊತೆಗಿದೆ. ಎರಡು ವಾರದಲ್ಲಿ ಮೂವತ್ತೊಂದು ಸಲ. ಇಪ್ಪತ್ತಾರು ಸಲ ಕಪ್ಪಾಗಿ ತಾನೇ ಶುರುವಾಯಿತು, ನಾಲ್ಕು ಸಲ ನೀಲಿ, ಒಂದು ಸಲ ಅಲ್ಲಾಡದೆ ನಿಂತಿತು. ನಿಮ್ಮ ಆಜ್ಞೆಯಂತೆ ಆ ಪದ ಎಲ್ಲೂ ಬಳಸಿಲ್ಲ. ನಾಲ್ಕನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ನಿಮಗೆ ಬೇಕಿಲ್ಲ. ಬೇಕಾಗಿದ್ದಾಗ ಬರಲಿಲ್ಲ.

ನಕಲು ತೆಗೆಯುವುದು ನಡೆದಿದೆ, ಅರವತ್ತು ಆಗಿದೆ. ನನ್ನ ಸ್ಥಿತಿ ಹೇಗಾಗಿದೆ ಎಂದರೆ, ಒಂದು ಗೆರೆ ಎಳೆದರೆ ಒಂದು ಸಲ ಸೇವ್, ಅಳಿಸಿದರೆ ಮತ್ತೊಂದು ಸಲ ಸೇವ್. ಎದ್ದು ನೀರು ಕುಡಿಯಲು ಹೋದರೂ ಕಿವಿ ಅಲ್ಲೇ. ಫ್ಯಾನಿನ ಸದ್ದು ಚೂರು ಬದಲಾದರೆ ಲೋಟ ಅಲ್ಲೇ ಇಟ್ಟು ಓಡುತ್ತೇನೆ. ಚಿಕ್ಕಮ್ಮ ನಗುತ್ತಾರೆ, “ತೊಟ್ಟಿಲ ಮಗು ಬಿಟ್ಟು ಬಂದೋಳ ಹಾಗೆ ಆಡ್ತೀಯಲ್ಲೇ” ಎಂದು.

ಇತಿ,
ಗಿರಾಕಿ


ಫೆಬ್ರವರಿ 11

ಗಿರಾಕಿಯವರಿಗೆ,

ಬೈಗುಳ ತಲುಪಿತು. ಪಾವತಿ ಎಂದು ಇಟ್ಟುಕೊಂಡಿದ್ದೇನೆ.

ಹಾಳೆಯನ್ನು ಅಂಗಡಿಯ ಗೋಡೆಗೆ ಅಂಟಿಸಿ ನಾಲ್ಕು ದಿನದಿಂದ ನೋಡುತ್ತಿದ್ದೇನೆ. ಎರಡು ಭಾನುವಾರ ಬಂದು ಹೋಗಿವೆ, ಎರಡರಲ್ಲೂ ಒಂದು ಸಲವೂ ಆಗಿಲ್ಲ. ಭಾನುವಾರ ನೀವು ಕೆಲಸ ಮಾಡುವುದಿಲ್ಲವೋ, ಅದು ರಜೆ ತೆಗೆದುಕೊಳ್ಳುತ್ತದೋ?

ಸದ್ಯಕ್ಕೆ ಸುಲಭದ ಮದ್ದು. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಪಕ್ಕದ ತಗಡು ಬಿಚ್ಚಿ, ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಬೆರಳಗಲದ ಎರಡು ಹಸಿರು ಪಟ್ಟಿಗಳು ನೆಟ್ಟಗೆ ನಿಂತಿರುತ್ತವೆ, ಅದು ಮೆಮೊರಿ. ಅವನ್ನು ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಒಳಗೆ ಇಲಿ ಸಂಸಾರ ಮಾಡಿದ್ದರೆ ಕಿರುಚಬೇಡಿ.

ನಾಲ್ಕನೆಯ ಕಾಲಂ ತುಂಬಿಸಿ. ರೋಗ ಯಂತ್ರದ ಒಳಗೇ ಇರಬೇಕು ಎಂದೇನಿಲ್ಲ.

ಇತಿ,
ರಿಪೇರಿಯವನು


ಫೆಬ್ರವರಿ 24

ರಿಪೇರಿಯವರಿಗೆ,

ನಿಮ್ಮ ಮದ್ದು ಮೂರು ದಿನದ್ದು. ಶನಿವಾರ ಸಂಜೆ ತಗಡು ಬಿಚ್ಚಿ ಧೂಳು ತೆಗೆದೆ. ಇಲಿ ಇರಲಿಲ್ಲ, ಎರಡು ಗುಂಡಿ ಮತ್ತು ಒಂದು ತುಂಡು ಸೀಮೆಸುಣ್ಣ ಸಿಕ್ಕಿದವು. ಪಟ್ಟಿಗಳನ್ನು ಉಜ್ಜಿ ಕೂರಿಸಿದೆ. ಭಾನುವಾರ ಇಡೀ ದಿನ ಕೆಲಸ ಮಾಡಿದೆ, ಏನೂ ಆಗಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಆ ಎರಡು ದಿನ ಚಿಕ್ಕಮ್ಮ ಜ್ವರ ಬಂದು ಮಲಗಿದ್ದರು. ಅಡುಗೆಯೂ ನಾನೇ, ಹೊಲಿಗೆಯೂ ನಾನೇ, ಆದರೂ ಹದಿನೇಳು ನಕ್ಷೆ ತಿದ್ದಿ ಮುಗಿಸಿದೆ. ನಿಮಗೆ ಒಳ್ಳೆಯ ಮಾತಿನ ಒಂದು ಕಾಗದ ಬರೆಯೋಣ ಎಂದುಕೊಂಡೆ. ಬುಧವಾರ ಐದು ಸಲ ಬಿತ್ತು. ಕಾಗದ ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ಈ ಯಂತ್ರ ನನ್ನನ್ನು ಆಟ ಆಡಿಸುತ್ತಿದೆ. ಹೊಲಿಸಲು ಬಂದವರ ಅಳತೆಯನ್ನು ಎರಡೆರಡು ಸಲ ತೆಗೆಯುತ್ತೇನೆ. ಅಚ್ಚಿಗೆ ಕೊಡುವ ದಿನ ಹತ್ತಿರವಾದಂತೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಪ್ಪ ನನ್ನ ಕೈಗೆ ಬಿಟ್ಟುಹೋದದ್ದು ಇದೊಂದೇ, ಅದನ್ನೂ ಕಳೆದುಕೊಂಡರೆ ಅವರ ವಿದ್ಯಾರ್ಥಿಗಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಒಂದು ಸಂಗತಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನೂರ ಎಂಬತ್ತನೆಯ ನಕ್ಷೆಯನ್ನು ಮೊದಲ ಸಲ ತೆರೆದೆ. ‘ಅಂಗಿ. ಎಡ ಭುಜ ಅರ್ಧ ಇಂಚು ಇಳಿಜಾರು’ ಎಂದಿದೆ. ಗೆರೆಗಳಿವೆ, ಒಂದು ಅಂಕಿಯೂ ಇಲ್ಲ. ಕೆಳಗೆ, ‘ಹೋದ ಮೇಲೆ ಅಳತೆ ತುಂಬುವುದು’. ಓರೆಕೋರೆ ಮೈಕಟ್ಟಿನ ಪಾಠಕ್ಕೆ ಮಾದರಿ ಇರಬೇಕು. ಆದರೆ ಆ ಸಾಲನ್ನು ಮೂರು ಸಲ ಓದಿದೆ. ಉಳಿಸಿದ ತಾರೀಖು ಅವರು ತೀರಿಕೊಳ್ಳುವುದಕ್ಕೆ ಮೂರು ದಿನ ಮುಂಚಿನದು. ತಾವು ಹೋಗುವುದು ಅವರಿಗೆ ಗೊತ್ತಿತ್ತು. ಪಕ್ಕದಲ್ಲೇ ಇದ್ದ ನನಗೆ ಗೊತ್ತಾಗಲಿಲ್ಲ.

ಆ ಪದದ ಮೇಲೆ ನಿಮಗೇಕೆ ಅಷ್ಟು ಕೋಪ ಎಂದು ಈಗ ಕೇಳುತ್ತಿದ್ದೇನೆ.

ಇತಿ,
ಗಿರಾಕಿ


ಮಾರ್ಚ್ 2

ಗಿರಾಕಿಯವರಿಗೆ,

ಚಿಕ್ಕಮ್ಮ ಮಲಗಿದರೆ ಕಂಪ್ಯೂಟರ್ ನೆಟ್ಟಗಿರುತ್ತದೆ, ಚಿಕ್ಕಮ್ಮ ಎದ್ದರೆ ಅದು ಬೀಳುತ್ತದೆ. ಭಾನುವಾರ ಅವರು ಏನು ಮಾಡುವುದಿಲ್ಲ? ಉಳಿದ ದಿನ ಏನು ಮಾಡುತ್ತಾರೆ, ಎಲ್ಲಿ ನಿಂತು ಮಾಡುತ್ತಾರೆ? ಕಂಪ್ಯೂಟರಿನ ಪ್ಲಗ್ ಇರುವ ಬೋರ್ಡಿಗೆ ಇನ್ನೇನೇನು ಸಿಕ್ಕಿಸಿದ್ದೀರಿ? ಇಷ್ಟನ್ನು ಕೂಡಲೇ ತಿಳಿಸಿ.

ಇವತ್ತು ಇದಕ್ಕಿಂತ ಹೆಚ್ಚು ಬರೆಯಲಾರೆ.

ಇತಿ,
ರಿಪೇರಿಯವನು


ಮಾರ್ಚ್ 10

ಅಣ್ಣ,

ಇಸ್ತ್ರಿ ಪೆಟ್ಟಿಗೆ!

ಹೊಲಿದು ಮುಗಿದ ಬಟ್ಟೆಗೆ ಇಸ್ತ್ರಿ ಹಾಕುವುದು ಚಿಕ್ಕಮ್ಮನ ಕೆಲಸ. ಅಪ್ಪನ ಕಟಿಂಗ್ ಮೇಜಿನ ಮೇಲೆ, ನನ್ನ ಬೆನ್ನ ಹಿಂದೆಯೇ ನಿಂತು, ಅದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ. ಭಾನುವಾರ ಅವರಿಗೆ ರಜೆ. ನಾನು ಇಷ್ಟು ದಿನ ಪರದೆಯನ್ನೇ ನೋಡುತ್ತಿದ್ದೆ, ಒಂದು ಸಲವೂ ತಿರುಗಿ ನೋಡಿರಲಿಲ್ಲ.

ನಿನ್ನ ಕಾಗದ ಬಂದ ದಿನ ಕುರ್ಚಿ ತಿರುಗಿಸಿ ಕೂತು ಪರೀಕ್ಷೆ ಮಾಡಿದೆ. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಆರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುತ್ತದೆ. ಮೂರನೆಯ ಸಲ ಹತ್ತಿದಾಗ ನನ್ನ ಬೆನ್ನ ಹಿಂದೆ ಯಂತ್ರ ಕಪ್ಪಾಯಿತು. ಎರಡು ದಿನ ಇಸ್ತ್ರಿಯನ್ನು ಅಡುಗೆಮನೆಗೆ ಕಳಿಸಿದೆ, ಒಂದು ಸಲವೂ ಬೀಳಲಿಲ್ಲ. ಚಿಕ್ಕಮ್ಮ ಮುಖ ಊದಿಸಿಕೊಂಡಿದ್ದಾರೆ. “ಆರು ವರ್ಷ ನಾನು ಇಲ್ಲೇ ಇಸ್ತ್ರಿ ಮಾಡ್ದೆ, ಆಗ ಬೀಳದ್ದು ಈಗ ಯಾಕೆ ಬೀಳುತ್ತೆ? ನಿಮ್ಮ ಅಣ್ಣ ಅಲ್ಲಿ ಕೂತು ನನ್ನ ಮೇಲೆ ತಪ್ಪು ಹೊರಿಸ್ತಾನೆ” ಎನ್ನುತ್ತಾರೆ. ಅವರ ಪ್ರಶ್ನೆ ನನ್ನದೂ ಹೌದು.

ಇಲ್ಲಿಗೆ ನಿಲ್ಲಿಸಿ ನಿನಗೆ ಬರೆದಿದ್ದರೆ ಸಾಕಿತ್ತು. ಖಚಿತವಾಗಲಿ ಎಂದು ನಿನ್ನೆ ಇನ್ನೊಂದು ಸಲ ಇಸ್ತ್ರಿ ತಂದು ಅದೇ ಬೋರ್ಡಿಗೆ ಸಿಕ್ಕಿಸಿದೆ. ದೀಪ ಹತ್ತಿತು, ಪರದೆ ಕಪ್ಪಾಯಿತು, ಸಣ್ಣಗೆ ಸುಟ್ಟ ವಾಸನೆ ಬಂತು. ಎದ್ದೇ ಇಲ್ಲ. ಗುಂಡಿ ಒತ್ತಿದರೆ ಉಸಿರಿಲ್ಲ, ಫ್ಯಾನಿನ ಸದ್ದೂ ಇಲ್ಲ. ನೂರ ನಲವತ್ತೊಂಬತ್ತು ನಕಲಾಗಿವೆ, ಉಳಿದ ಮೂವತ್ತೊಂದು ಒಳಗೇ ಇವೆ. ಕೊನೆಯದೂ ಒಳಗೇ ಇದೆ.

ಬಯ್ಯಬೇಡ ಅಣ್ಣ. ಈ ಸಲ ಬೇರೆ ಪದ ಸಿಗುತ್ತಿಲ್ಲ. ಹೋಯ್ತು.

ಇತಿ,
ಗಿರಾಕಿ ಎಂದು ಬರೆಯಲು ಮನಸ್ಸಿಲ್ಲ


ಮಾರ್ಚ್ 16

ಗುಂಡುಸೂಜಿ,

ಎಷ್ಟು ವರ್ಷವಾಯಿತು ನಿನ್ನನ್ನು ಹೀಗೆ ಕರೆದು.

ಮೊದಲು ಯಂತ್ರದ ವಿಷಯ, ಇಲ್ಲದಿದ್ದರೆ ನೀನು ಮುಂದಿನದನ್ನು ನೆಟ್ಟಗೆ ಓದುವುದಿಲ್ಲ. ಸತ್ತಿರುವುದು ಹಿಂಬದಿಯಲ್ಲಿ ವೈರ್ ಸಿಕ್ಕಿಸುವ ಉಕ್ಕಿನ ಡಬ್ಬಿ ಮಾತ್ರ, ಕರೆಂಟನ್ನು ಒಳಗೆ ಹಂಚುವುದು ಅದು. ಇಸ್ತ್ರಿಯ ದೀಪ ಹತ್ತಿದಾಗ ಆ ಬೋರ್ಡಿನಲ್ಲಿ ಕರೆಂಟು ಒಂದು ಕ್ಷಣ ಕುಗ್ಗುತ್ತದೆ. ಡಬ್ಬಿ ಹೊಸದಿದ್ದಾಗ ಅಷ್ಟನ್ನು ತಡೆದುಕೊಳ್ಳುತ್ತಿತ್ತು, ವಯಸ್ಸಾದ ಮೇಲೆ ಆಗಲಿಲ್ಲ. ಚಿಕ್ಕಮ್ಮನಿಗೆ ಹೇಳು, ತಪ್ಪು ಅವರದಲ್ಲ, ಮುಪ್ಪಿನದು. ನಕ್ಷೆಗಳಿರುವುದು ಡಿಸ್ಕಿನಲ್ಲಿ. ನೀನು ಬರೆದದ್ದನ್ನು ನೋಡಿದರೆ ಅದಕ್ಕೆ ಏನೂ ಆಗಿರಲಾರದು. ಅದೇ ಜಾತಿಯ ಡಬ್ಬಿ ನನ್ನ ಹತ್ತಿರ ಇದೆ, ಪಾರ್ಸೆಲ್ ಮಾಡುತ್ತೇನೆ. ನಾಲ್ಕು ಸ್ಕ್ರೂ ಬಿಚ್ಚಿ ಹಾಕುವುದು.

ಈಗ ಆ ಪದ.

ಆರು ವರ್ಷದ ಹಿಂದೆ ಒಂದು ಸೋಮವಾರ ಅಪ್ಪ ನನಗೆ ಫೋನ್ ಮಾಡಿದ್ದರು. ಜಗಳವಾದ ಎಂಟು ತಿಂಗಳ ಮೇಲೆ ಅದೇ ಮೊದಲು. “ಗುರುವಾರ ಬೆಳಗಿನ ಗಾಡಿಗೆ ಬರ್ತೀನಿ. ಅವಳಿಗೆ ಹೇಳ್ಬೇಡ, ಡಾಕ್ಟರು ಪ್ರಯಾಣ ಬೇಡ ಅಂದಿದಾರೆ, ರಂಪ ಮಾಡ್ತಾಳೆ. ಟೇಪು ತರ್ತೀನಿ” ಎಂದರು. ಟೇಪು ಏಕೆ ಎಂದು ನಾನು ಕೇಳಲಿಲ್ಲ. ಹೂಂ ಎಂದೆ.

ಗುರುವಾರ ಬೆಳಿಗ್ಗೆ ನನ್ನ ಫೋನು ಕೆಟ್ಟು ಮೇಜಿನ ಮೇಲೆ ಬಿಚ್ಚಿಬಿದ್ದಿತ್ತು. ನೀನು ಪಕ್ಕದ ಗಾಜಿನ ಅಂಗಡಿಗೆ ಫೋನ್ ಮಾಡಿದೆ. ಅವನು ಗಾಜು ಕೊಯ್ಯುತ್ತಿದ್ದ, ತಲೆ ಎತ್ತದೆ ಕೂಗಿ ಹೇಳಿದ: “ನಿಮ್ಮ ತಂಗಿ ಫೋನ್ ಮಾಡಿದ್ರು. ಅಪ್ಪ ಹೋದ್ರಂತೆ.”

ನಾನು ಏನು ತಿಳಿದುಕೊಂಡೆ ಎಂದು ನಿನಗೆ ಈಗ ಗೊತ್ತಾಗಿರಬೇಕು. ಅಪ್ಪ ಹೊರಟರು, ಗುಂಡುಸೂಜಿಗೆ ವಿಷಯ ಗೊತ್ತಾಗಿ ಸಿಟ್ಟಿನಿಂದ ಎರಡೇ ಪದ ಹೇಳಿ ಫೋನ್ ಇಟ್ಟಿದ್ದಾಳೆ ಎಂದು ನಕ್ಕೆ. ಗುಂಡುಸೂಜಿ, ನಾನು ನಕ್ಕೆ. ಅಂಗಡಿ ಮುಚ್ಚಿ ಸ್ಟೇಷನ್ನಿಗೆ ಹೋದೆ. ಗಾಡಿ ಬಂತು. ಎರಡು ಟೀ ತೆಗೆದುಕೊಂಡು ನಿಂತಿದ್ದೆ, ಅಪ್ಪನದಕ್ಕೆ ಸಕ್ಕರೆ ಇಲ್ಲ. ಇಳಿಯಲಿಲ್ಲ. ಗಾಡಿ ತಪ್ಪಿರಬೇಕು ಎಂದು ಮಧ್ಯಾಹ್ನದ್ದಕ್ಕೆ ಕಾದೆ, ಆಮೇಲೆ ಸಂಜೆಯದಕ್ಕೆ. ಪ್ರತಿ ಸಲವೂ ಎರಡು ಟೀ. ನೀವೆಲ್ಲ ಅಪ್ಪನ ಸುತ್ತ ಕೂತು ನನಗಾಗಿ ಕಾಯುತ್ತಿದ್ದಾಗ ನಾನು ಅಪ್ಪನಿಗಾಗಿ ಕಾಯುತ್ತಿದ್ದೆ.

ಮರುದಿನ ಗಾಜಿನವನ ಫೋನಿನಿಂದ ಮನೆಗೆ ಮಾಡಿದೆ, ಯಾರೋ ಎತ್ತಿ ಎಲ್ಲ ಮುಗಿಯಿತು ಎಂದರು. ನಾನು ಬಂದು ಬಾಗಿಲಲ್ಲಿ ನಿಂತಾಗ ನೀನು ಕೇಳಿದ್ದು ಒಂದೇ ಮಾತು: “ಈಗ ಬಂದೆಯಾ?”

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ತಪ್ಪು ನಿನ್ನ ಬಾಯಿಂದ ಬಂದ ಆ ಒಂದು ಪದದ್ದಾಗುತ್ತಿತ್ತು, ನೀನು ಅದನ್ನು ಜೀವಮಾನವಿಡೀ ಹೊರುತ್ತಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬೈಗುಳ ತಿನ್ನುವುದೇ ಸುಲಭ ಅನ್ನಿಸಿತು. ನಿನ್ನ ನಾಲ್ಕನೆಯ ಕಾಲಂ ಖಾಲಿ ಎಂದು ನಾನು ಗದರಿದೆ, ನನ್ನದೂ ಆರು ವರ್ಷದಿಂದ ಖಾಲಿಯೇ ಇತ್ತು.

ಆ ಕೊನೆಯ ನಕ್ಷೆಯ ಬಗ್ಗೆ ನೀನು ಬರೆದಾಗಿನಿಂದ ಕೆಲಸ ಕೈಗೆ ಹತ್ತುತ್ತಿಲ್ಲ. ನಾನು ಅಂದುಕೊಂಡದ್ದು ಸರಿಯೋ ತಪ್ಪೋ, ನೀನೇ ನೋಡಿ ಹೇಳು.

ಇತಿ,
ಅಣ್ಣ


ಮಾರ್ಚ್ 22

ಅಣ್ಣ,

ನಿನ್ನ ಕಾಗದವನ್ನು ನಿಂತೇ ಓದಿದೆ. ಆಮೇಲೆ ಚಿಕ್ಕಮ್ಮನಿಗೆ ಓದಿ ಹೇಳಲು ಹೋಗಿ, ನೀನು ಸ್ಟೇಷನ್ನಿನಲ್ಲಿ ಕಾದ ಸಾಲಿನವರೆಗೆ ಬಂದು ನಿಲ್ಲಿಸಿದೆ. ಅವರು ಇಸ್ತ್ರಿಯ ಪ್ಲಗ್ ಕಿತ್ತು ಬಂದು ನನ್ನ ಪಕ್ಕ ಕೂತರು.

‘ಸತ್ತರು’ ಎನ್ನಲು ಬಾಯಿ ಬರಲಿಲ್ಲ ಅಣ್ಣ. ‘ಹೋದ್ರು’ ಎನ್ನುವುದು ಮೆತ್ತಗೆ ಕೇಳಿಸಿತು, ಅದಕ್ಕೆ ಅಂದೆ. ಆರು ವರ್ಷ ನಿನ್ನನ್ನು ಕಲ್ಲೆದೆಯವನು ಎಂದು ಬೈದುಕೊಂಡೆ, ಸಿಕ್ಕಿದವರ ಮುಂದೆಲ್ಲ ಹೇಳಿದೆ. ಅದನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದೋ ಗೊತ್ತಿಲ್ಲ. ನೀನು ನನ್ನನ್ನು ಕಾಪಾಡಲು ಹೋಗಿ ಇಬ್ಬರನ್ನೂ ಒಂಟಿ ಮಾಡಿದೆ. ಅದಕ್ಕೆ ನಿನ್ನ ಮೇಲೆ ಕೋಪವೂ ಇದೆ, ಇಟ್ಟುಕೊಂಡಿದ್ದೇನೆ, ಎದುರಿಗೆ ತೀರಿಸುತ್ತೇನೆ.

ಈಗ ಕೇಳು. ಅಪ್ಪ ತೀರಿಕೊಂಡಾಗ ಕಟಿಂಗ್ ಮೇಜಿನ ಕೆಳಗೆ ಒಂದು ಸಣ್ಣ ಬ್ಯಾಗ್ ಇತ್ತು. ಆಸ್ಪತ್ರೆಗೆ ಬೇಕಾದೀತೆಂದು ಸಿದ್ಧ ಮಾಡಿಕೊಂಡಿದ್ದರು ಎಂದುಕೊಂಡು ಬಿಚ್ಚದೆ ಅಟ್ಟಕ್ಕೆ ಹಾಕಿದ್ದೆ. ನಿನ್ನೆ ಇಳಿಸಿ ತೆರೆದೆ. ಒಂದು ಟವೆಲ್, ಹಲ್ಲುಜ್ಜುವ ಬ್ರಷ್, ಅವರ ಮಾತ್ರೆ. ಕೆಳಗೆ ಟೇಪು, ಸೀಮೆಸುಣ್ಣ, ಮಡಿಸಿಟ್ಟ ಎರಡೂಕಾಲು ಮೀಟರ್ ನೀಲಿ ಗೆರೆಯ ಬಟ್ಟೆ.

ಎಡ ಭುಜ ಅರ್ಧ ಇಂಚು ಇಳಿಜಾರು. ಯಾವಾಗಲೂ ಅದೇ ಹೆಗಲಿಗೆ ಬ್ಯಾಗ್ ಹಾಕಿ ಹಾಕಿ ನಿನ್ನ ಭುಜ ಹಾಗಾಯಿತು ಎಂದು ಅಪ್ಪ ಪ್ರತಿ ಅಂಗಿಗೂ ಗೊಣಗುತ್ತಿದ್ದರಲ್ಲ. “ಇವನ ಎಡ ಭುಜ ಅರ್ಧ ಇಂಚು ಸೋಮಾರಿ” ಎನ್ನುತ್ತಿದ್ದರು. ನಾನು ದರ್ಜಿ, ಆ ಮಾತು ಕೇಳುತ್ತಲೇ ಬೆಳೆದವಳು, ಆ ಗೆರೆ ನೋಡಿ ನಿನ್ನನ್ನು ಗುರುತು ಹಿಡಿಯಲಿಲ್ಲ.

‘ಹೋದ ಮೇಲೆ ಅಳತೆ ತುಂಬುವುದು.’ ನಾನು ಸಾವು ಎಂದು ಓದಿದೆ. ಅವರು ನಿನ್ನ ಊರಿಗೆ ಹೋದ ಮೇಲೆ ಎಂದು ಬರೆದಿದ್ದರು. ನೀನು ಆ ಪದವನ್ನು ಒಂದು ಸಲ ತಪ್ಪು ತಿಳಿದೆ, ನಾನು ಇನ್ನೊಂದು ಸಲ, ಇನ್ನೊಂದು ಕಡೆಯಿಂದ.

ಡಬ್ಬಿಯನ್ನು ಪಾರ್ಸೆಲ್ ಮಾಡಬೇಡ. ಯಾರು ಓದ್ತಾರೆ ಎಂದು ನೀನು ಕೇಳಿದ ಪುಸ್ತಕದ ಕೊನೆಯ ನಕ್ಷೆ ನಿನ್ನದು. ಅದರಲ್ಲಿ ಕೊರಳು, ಎದೆ, ತೋಳು ಎಲ್ಲ ಖಾಲಿ ಇವೆ. ಅಂದಾಜಿನಲ್ಲಿ ತುಂಬುವವಳಲ್ಲ ನಾನು. ಪ್ರೆಸ್ಸಿನವರಿಗೆ ಹೇಳಿದ್ದೇನೆ, ಏಪ್ರಿಲ್ ಮೂರಕ್ಕೆ ಕೊಡುತ್ತೇನೆ, ಒಬ್ಬರ ಅಳತೆ ಬಾಕಿ ಇದೆ ಎಂದು.

ಬಾ. ನಾನೇ ಸ್ಟೇಷನ್ನಿಗೆ ಬರುತ್ತೇನೆ. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಕಾಯುತ್ತೇನೆ, ಅದೂ ತಪ್ಪಿದರೆ ಅದರ ಮುಂದಿನದಕ್ಕೆ.

ಇತಿ,
ಗುಂಡುಸೂಜಿ


ಮಾರ್ಚ್ 27

ಗುಂಡುಸೂಜಿ,

ಗುರುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಬರುತ್ತೇನೆ ಎಂದರೆ ಬರುತ್ತೇನೆ, ಆ ಪದಕ್ಕೆ ಬೇರೆ ಅರ್ಥವಿಲ್ಲ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಆ ಬ್ಯಾಗನ್ನು ಈ ಸಲ ಬಲ ಹೆಗಲಿಗೆ ಹಾಕಿಕೊಳ್ಳೋಣ ಎಂದು ನೋಡಿದೆ, ನಿಲ್ಲುವುದಿಲ್ಲ. ಅಪ್ಪನ ಅರ್ಧ ಇಂಚು ಹಾಗೇ ಇದೆ, ನೀನು ನಕ್ಷೆ ತಿದ್ದಬೇಕಾಗಿಲ್ಲ.

ಸ್ಟೇಷನ್ನಿಗೆ ಬಂದಾಗ ಎರಡು ಟೀ ತೆಗೆದುಕೊಂಡು ನಿಂತಿರು. ಒಂದಕ್ಕೆ ಸಕ್ಕರೆ ಬೇಡ ಎಂದು ಹೇಳು. ಹೋದ ವರ್ಷದಿಂದ ನನಗೂ ಡಾಕ್ಟರು ಬೇಡ ಎಂದಿದ್ದಾರೆ.

ಇತಿ,
ಅಣ್ಣ